ಬತ್ತುವುದು ತಪ್ಪಲ್ಲ, ಬೇಗ ಬತ್ತುವುದು ಚಿಂತೆ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ ಹೋದವರು ಅಲ್ಲಿನ ಅತಿ ಹೆಸರುವಾಸಿ ಜಲಪಾತದ ಎದುರಿಗೇ ನಿಂತು, ಜಲಪಾತ ಎಲ್ಲಿದೆ ಎಂದು ಕೇಳುವುದುಂಟು. ಕಣ್ಣಿಗೆ ಕಾಣುವುದು ಬೂದುಬಣ್ಣದ ಕಡಿದಾದ ಬಂಡೆ, ಅದರ ಮೈಮೇಲೆ ನೀರು ಹರಿದ ಕಪ್ಪು ಪಟ್ಟೆ, ಬುಡದಲ್ಲಿ ಒಣಗಿ ಬಿದ್ದ ಗುಂಡುಗಳ ರಾಶಿ, ಅಷ್ಟೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಕ್ಕಳ ಮನೆಗೆಂದು ಹೋಗಿ, ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ನಾಲ್ಕೈದು ತಾಸು ಕಾರಿನಲ್ಲಿ ಕೂತು ಅಲ್ಲಿಗೆ ಮುಟ್ಟುವ ಕನ್ನಡದ ಹಿರಿಯರಿಗೆ ಇದು ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಆಗಸ್ಟ್ ಎಂದರೆ ನಮ್ಮಲ್ಲಿ ಜೋಗ ತುಂಬಿ ಧುಮ್ಮಿಕ್ಕುವ ತಿಂಗಳು. ಅಲ್ಲಿ ನೋಡಿದರೆ ಜೋಗಕ್ಕಿಂತ ಎಷ್ಟೋ ಎತ್ತರದ ಜಲಪಾತ ಹನಿ ನೀರಿಲ್ಲದೆ ನಿಂತಿರುತ್ತದೆ. ಇದನ್ನು ಕಂಡವರಲ್ಲಿ ಕೆಲವರು ‘ಭೂಮಿ ಬಿಸಿಯಾಗಿ ಜಲಪಾತವೇ ಬತ್ತಿಹೋಯಿತು’ ಎನ್ನುತ್ತಾರೆ. ಇನ್ನು ಕೆಲವರು ಮಾರ್ಗದರ್ಶಿ ಪುಸ್ತಕ ತೆರೆದು, ಇದು ಪ್ರತಿ ವರ್ಷದ ಕತೆ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದು ಸಮಾಧಾನ ಹೇಳುತ್ತಾರೆ. ಎರಡು ಮಾತೂ ಅರ್ಧ ಸರಿ, ಅರ್ಧ ತಪ್ಪು. ಈ ಜಲಪಾತ ಬತ್ತುವುದು ಅದರ ಸಹಜ ಗುಣ. ಆದರೆ ಅದು ಯಾವ ತಿಂಗಳಲ್ಲಿ ಉಕ್ಕಿತು, ಯಾವ ತಿಂಗಳಲ್ಲಿ ಬತ್ತಿತು ಎಂಬುದು ಬೇರೆಯೇ ಪ್ರಶ್ನೆ. ನಾವು ಕಾಳಜಿಯಿಂದ ಗಮನಿಸಬೇಕಾದದ್ದು ಆ ಎರಡನೆಯ ಪ್ರಶ್ನೆಯನ್ನು.

ಯೊಸೆಮಿಟಿ ಜಲಪಾತ ಸಿಯೆರಾ ನೆವಾಡಾ ಪರ್ವತಸಾಲಿನ ಪಶ್ಚಿಮ ಮಗ್ಗುಲಲ್ಲಿದೆ. ಒಟ್ಟು ಎತ್ತರ 739 ಮೀಟರ್, ಅಂದರೆ 2,425 ಅಡಿ. 830 ಅಡಿಯ ಜೋಗದ ಹತ್ತಿರಹತ್ತಿರ ಮೂರು ಪಟ್ಟು. ಆದರೆ ಇದು ಒಂದೇ ನೆಗೆತವಲ್ಲ. ಮೇಲಿನ ಜಲಪಾತ 1,430 ಅಡಿ ಕೆಳಕ್ಕೆ ಬೀಳುತ್ತದೆ. ನಡುವಿನ 675 ಅಡಿ ಇಳಿಜಾರಿನಲ್ಲಿ ನೀರು ಕಲ್ಲಿನಿಂದ ಕಲ್ಲಿಗೆ ಹಾರುತ್ತ, ಬಹುಪಾಲು ನೋಡುವವರ ಕಣ್ಣಿಗೆ ಬೀಳದೆ ಇಳಿಯುತ್ತದೆ. ಕೊನೆಯದು 320 ಅಡಿಯ ಕೆಳಜಲಪಾತ. ಇಂಥ ಗೋಡೆ ಅಲ್ಲಿ ಎದ್ದು ನಿಂತದ್ದು ಹೇಗೆ ಎಂಬುದೇ ಒಂದು ಕಾಲದ ದೊಡ್ಡ ಜಗಳ. ಕ್ಯಾಲಿಫೋರ್ನಿಯಾದ ಸರ್ಕಾರಿ ಭೂವಿಜ್ಞಾನಿಯಾಗಿದ್ದ ಜೋಸಯ್ಯ ವಿಟ್ನಿ, ಕಣಿವೆಯ ತಳವೇ ಒಮ್ಮೆ ಕುಸಿದು ಕೆಳಗಿಳಿಯಿತು ಎಂದಿದ್ದರು. ಇದೇ ಜಲಪಾತದ ಬುಡದ ಮರದ ಗಿರಣಿಯಲ್ಲಿ ಕೆಲಸ ಮಾಡಿಕೊಂಡು ಬೆಟ್ಟ ಸುತ್ತುತ್ತಿದ್ದ ಜಾನ್ ಮ್ಯೂರ್, ಇದು ಹಿಮನದಿ ಕೊರೆದ ಕಣಿವೆ ಎಂದು ಹಟ ಹಿಡಿದರು. ಕಾಲ ಮ್ಯೂರ್ ಪರ ನಿಂತಿತು. ಹಿಮಯುಗಗಳಲ್ಲಿ ಮುಖ್ಯ ಕಣಿವೆಯನ್ನು ದೊಡ್ಡ ಹಿಮನದಿ ಆಳಕ್ಕೂ ಅಗಲಕ್ಕೂ ಕೊರೆಯಿತು. ಪಕ್ಕದಿಂದ ಬಂದು ಸೇರುವ ಸಣ್ಣ ತೊರೆಗಳ ಕಣಿವೆಗಳು ಅಷ್ಟು ಆಳಕ್ಕೆ ಇಳಿಯಲಾಗದೆ ಮೇಲೆಯೇ ಉಳಿದವು. ಯೊಸೆಮಿಟಿ ತೊರೆ ಹಾಗೆ ಮೇಲೆ ಉಳಿದ ಕಣಿವೆಯ ಅಂಚಿನಿಂದ ಜಿಗಿಯುತ್ತದೆ. ಮೊದಲು ಈ ತೊರೆ ಈಗಿನ ಜಾಗದ ಪಶ್ಚಿಮಕ್ಕಿರುವ ಒಂದು ಕೊರಕಲಿನಲ್ಲಿ ಇಳಿಯುತ್ತಿತ್ತು, ಹಿಮನದಿ ತಂದು ಒಟ್ಟಿದ ಕಲ್ಲುಮಣ್ಣಿನ ದಿಬ್ಬ ಅಡ್ಡ ಬಂದು ಅದರ ದಿಕ್ಕು ತಪ್ಪಿತು ಎಂದು ಭೂವಿಜ್ಞಾನಿ ಕಿಂಗ್ ಹ್ಯೂಬರ್ ವಿವರಿಸಿದ್ದಾರೆ. ಆ ಹಳೆಯ ಕೊರಕಲಿನಲ್ಲೇ ಇಂದು ಮೇಲೆ ಹತ್ತುವವರ ಕಾಲುದಾರಿ ಸಾಗುತ್ತದೆ.

ಹಿಮನದಿಯ ಮಾತು ಬಂದದ್ದರಿಂದ ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಕಳೆದುಬಿಡೋಣ. ಇಂದು ಈ ಜಲಪಾತದ ಹಿಂದೆ ಯಾವ ಹಿಮನದಿಯೂ ಇಲ್ಲ. ಹಿಮನದಿಯಿದ್ದರೆ ಬೇಸಿಗೆಯುದ್ದಕ್ಕೂ ಅದು ಕರಗಿ ಸ್ವಲ್ಪವಾದರೂ ನೀರು ಬರುತ್ತಿತ್ತು. ಇಲ್ಲಿ ಇರುವುದು ಆಯಾ ಚಳಿಗಾಲದಲ್ಲಿ ಬಿದ್ದ ಹಿಮ ಮಾತ್ರ. ಕ್ಯಾಲಿಫೋರ್ನಿಯಾದ ಮಳೆಗಾಲ ನಮ್ಮದರ ತಿರುವುಮುರುವು. ಶಾಂತಸಾಗರದಿಂದ ಬರುವ ಬಿರುಗಾಳಿಗಳು ನವೆಂಬರಿನಿಂದ ಮಾರ್ಚ್‌ವರೆಗೆ ಸುರಿದು ಹೋದಮೇಲೆ ಜೂನ್, ಜುಲೈ, ಆಗಸ್ಟ್ ಹೆಚ್ಚುಕಡಿಮೆ ಒಣ ತಿಂಗಳು. ಚಳಿಗಾಲದ ಆ ಮಳೆ ಬೆಟ್ಟದ ಮೇಲೆ ಹಿಮವಾಗಿ ಬೀಳುತ್ತದೆ, ಬಿದ್ದಲ್ಲೇ ಕೂರುತ್ತದೆ. ಸುಗ್ಗಿಯಲ್ಲಿ ತುಂಬಿದ ಕಣಜವನ್ನು ಮನೆಯವರು ಮುಂದಿನ ತಿಂಗಳುಗಳಲ್ಲಿ ತೆಗೆದು ಉಣ್ಣುವ ಹಾಗೆ, ಸಿಯೆರಾ ತನ್ನ ಇಡೀ ಬೇಸಿಗೆಯನ್ನು ಆ ದಾಸ್ತಾನಿನ ಮೇಲೆ ನಡೆಸುತ್ತದೆ. ಯೊಸೆಮಿಟಿ ತೊರೆಯ ಪಾಲಿಗೆ ಬಂದಿರುವುದು ಸಣ್ಣ ಕಣಜ. ಅದರ ಜಲಾನಯನ ಪ್ರದೇಶ ಸುಮಾರು 110 ಚದರ ಕಿಲೋಮೀಟರ್. ಜೋಗದ ಮೇಲಿರುವ ಲಿಂಗನಮಕ್ಕಿಯ ಜಲಾನಯನ ಪ್ರದೇಶ 1,990 ಚದರ ಕಿಲೋಮೀಟರಿಗೂ ಹೆಚ್ಚು. ತೊರೆ ಹುಟ್ಟುವ ಕಡೆ ಇರುವ ಹಾಫ್‌ಮನ್ ಶಿಖರ 10,850 ಅಡಿ ಎತ್ತರದಲ್ಲಿದೆ, ನೀರು ಜಿಗಿಯುವ ಅಂಚು ಸುಮಾರು 6,500 ಅಡಿಯಲ್ಲಿ. ಈ ಎರಡು ಎತ್ತರಗಳ ನಡುವೆ ಎಷ್ಟು ಹಿಮ ಬಿದ್ದಿದೆಯೋ ಅಷ್ಟೇ ಜಲಪಾತದ ಆ ವರ್ಷದ ಆಯಸ್ಸು.

ಹಿಮ ಕರಗುವುದು ಮೇಲ್ನೋಟಕ್ಕೆ ಸರಳ, ಒಳಹೊಕ್ಕರೆ ನಿಧಾನದ ಕೆಲಸ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಪಾಲನ್ನು ಹಿಂದಕ್ಕೆ ಕಳಿಸಿಬಿಡುತ್ತದೆ. ಹಾಗಾಗಿ ಫೆಬ್ರವರಿಯ ಹೊಳೆಹೊಳೆವ ಬಿಸಿಲು ಅದನ್ನು ಹೆಚ್ಚೇನೂ ಅಲುಗಾಡಿಸದು. ದಿನ ಕಳೆದಂತೆ ಹಿಮದ ಹರಳುಗಳು ದಪ್ಪಗಾಗುತ್ತವೆ, ಧೂಳು, ಮರದ ಎಲೆಸೂಜಿಗಳು ಮೇಲೆ ಕೂತು ಬಿಳುಪು ಮಾಸುತ್ತದೆ, ಬಿಸಿಲು ಒಳಗಿಳಿಯತೊಡಗುತ್ತದೆ. ಆಗಲೂ ಹಿಮ ಕೂಡಲೇ ನೀರು ಬಿಡುವುದಿಲ್ಲ. ಮೇಲಿನಿಂದ ತಳದವರೆಗೆ ಅಷ್ಟೂ ಹಿಮ ಮೊದಲು ಸೊನ್ನೆ ಡಿಗ್ರಿಗೆ ಬರಬೇಕು, ಹರಳುಗಳ ನಡುವಿನ ಸಂದುಗಳು ನೀರು ಕುಡಿದು ತಣಿಯಬೇಕು. ಆಮೇಲೆ ಮಾತ್ರ ತಳದಿಂದ ನೀರು ಜಿನುಗುತ್ತದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮವನ್ನು ಸೊನ್ನೆ ಡಿಗ್ರಿಯ ನೀರಾಗಿಸಲು 80 ಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖವನ್ನು ಆ ನೀರಿಗೆ ಕೊಟ್ಟರೆ ಅದು ಕೈ ಇಡಲಾಗದ 80 ಡಿಗ್ರಿಗೆ ಏರುತ್ತದೆ. ಹಿಮದ ಈ ಜಿಗುಟುತನವೇ ಬೆಟ್ಟದ ದೊಡ್ಡ ಉಪಕಾರ. ಜನವರಿಯ ನೀರನ್ನು ಮೇ ತಿಂಗಳಿಗೆ ಮುಟ್ಟಿಸುವುದು ಇದೇ.

ಈ ಲೆಕ್ಕ ತಿಂಗಳಿನದಷ್ಟೇ ಅಲ್ಲ, ದಿನದ್ದೂ ಹೌದು. ಮೇ ತಿಂಗಳಲ್ಲಿ ನಡುಹಗಲಿನ ಬಿಸಿಲಿಗೆ ಕರಗಿದ ನೀರು ಎತ್ತರದ ಇಳಿಜಾರುಗಳಿಂದ ಹಿಮದ ಒಳಗೆ, ಕಲ್ಲಿನ ಮೇಲೆ, ತೊರೆಯ ಪಾತ್ರದಲ್ಲಿ ಸಾಗಿ ಬರುವಷ್ಟರಲ್ಲಿ ಗಂಟೆಗಳೇ ಉರುಳುತ್ತವೆ. ಅದೇ ಕಣಿವೆಯ ಮರ್ಸೆಡ್ ನದಿಯಲ್ಲಿ ವಸಂತದ ಪ್ರತಿದಿನದ ಉಬ್ಬರ ನಡುರಾತ್ರಿಯ ಆಸುಪಾಸಿನಲ್ಲಿ ಕಾಣುತ್ತದೆ. ಹಗಲು ಬಂದು ಫೋಟೊ ತೆಗೆದುಕೊಂಡು ಹೋಗುವವರು ದಿನದ ಅತಿ ದೊಡ್ಡ ಹರಿವನ್ನು ನೋಡಿಯೇ ಇರುವುದಿಲ್ಲ. ಹುಣ್ಣಿಮೆಯ ಸುತ್ತಿನ ರಾತ್ರಿಗಳಲ್ಲಿ ಕೆಳಜಲಪಾತದ ತುಂತುರಿನಲ್ಲಿ ಬೆಳದಿಂಗಳ ಕಾಮನಬಿಲ್ಲು ಮೂಡುವುದೂ ಏಪ್ರಿಲಿನಿಂದ ಜೂನ್‌ವರೆಗಿನ ಈ ತುಂಬು ಹರಿವಿನ ದಿನಗಳಲ್ಲೇ. ಚಳಿಗಾಲದ ಚಹರೆ ಬೇರೆ. ಮೇಲಿನ ಜಲಪಾತದ ತುಂತುರು ರಾತ್ರಿಯ ಚಳಿಗೆ ಬಂಡೆಗೆ ಅಂಟಿ ಹೆಪ್ಪುಗಟ್ಟುತ್ತದೆ, ಬೆಳಗಿನ ಬಿಸಿಲಿಗೆ ಹಲ್ಲೆಹಲ್ಲೆಯಾಗಿ ಕಳಚಿ ಬುಡಕ್ಕೆ ಬೀಳುತ್ತದೆ. ಹಾಗೆ ಬಿದ್ದು ಬಿದ್ದು ಜಲಪಾತದ ಕೆಳಗೆ ಹಿಮದ ಶಂಕುವೊಂದು ಬೆಳೆಯುತ್ತದೆ. ಅದು 300 ಅಡಿಗೂ ಮೀರಿ ಎದ್ದದ್ದುಂಟು. ಮಾರ್ಚ್, ಏಪ್ರಿಲ್‌ನ ಕೆಲವು ಮುಂಜಾವುಗಳಲ್ಲಿ ಇನ್ನೊಂದು ಸೋಜಿಗ ನಡೆಯುತ್ತದೆ. ತುಂತುರು ಗಾಳಿಯಲ್ಲೇ ಸಣ್ಣ ಸೂಜಿಗಳಂಥ ಹರಳುಗಳಾಗಿ ಗಟ್ಟಿಯಾಗಿ, ತೊರೆಯ ನೀರಿನೊಂದಿಗೆ ಬೆರೆತು ದಪ್ಪ ಬಿಳಿ ಕೆಸರಾಗಿ ಹರಿಯುತ್ತದೆ. ಅದು ಒಂದೆಡೆ ಗಟ್ಟಿಯಾಗಿ ನಿಂತರೆ ಹಿಂದಿನಿಂದ ಬಂದದ್ದು ಪಾತ್ರ ಬಿಟ್ಟು ಪಕ್ಕಕ್ಕೆ ನುಗ್ಗುತ್ತದೆ. ತೊರೆಯ ಮೇಲಿನ ಕಾಲುಸೇತುವೆಗಳನ್ನೇ ಮುಚ್ಚಿಹಾಕುವಷ್ಟು ಅದು ಏರುವುದುಂಟು.

ಇಷ್ಟೆಲ್ಲ ಅಬ್ಬರ ಜುಲೈ ಕಳೆಯುವಷ್ಟರಲ್ಲಿ ಸೊರಗುವುದೇಕೆ? ಹಿಮ ಮುಗಿಯಿತು ಎಂಬುದು ಅರ್ಧ ಉತ್ತರ. ಅದೇ ಕಣಿವೆಯ ಬ್ರೈಡಲ್‌ವೇಲ್ ಜಲಪಾತವನ್ನು ಪಕ್ಕದಲ್ಲಿಟ್ಟು ನೋಡಿದರೆ ಉಳಿದರ್ಧ ಸಿಗುತ್ತದೆ. 620 ಅಡಿಯ ಆ ಜಲಪಾತಕ್ಕೂ ಹಿಮದ ನೀರೇ ಗತಿ, ಆದರೂ ಅದು ವರ್ಷವಿಡೀ ಸಣ್ಣಗಾದರೂ ಹರಿಯುತ್ತದೆ. ವ್ಯತ್ಯಾಸ ಇರುವುದು ನೆಲದಲ್ಲಿ. ಬ್ರೈಡಲ್‌ವೇಲ್ ತೊರೆಯ ಹಿನ್ನೆಲದಲ್ಲಿ ಮಣ್ಣಿದೆ, ಹುಲ್ಲುಗಾವಲುಗಳಿವೆ, ಕಾಡಿದೆ. ಕರಗಿದ ನೀರನ್ನು ಅವು ಹೀರಿಕೊಂಡು ತಿಂಗಳುಗಟ್ಟಲೆ ಒಸರಿಸುತ್ತವೆ. ಯೊಸೆಮಿಟಿ ತೊರೆಯ ಹಿನ್ನೆಲವಾದರೋ ಹಿಮಯುಗದ ಮಂಜುಗಡ್ಡೆ ಉಜ್ಜಿ ನುಣುಪಾಗಿಸಿದ ಬರೀ ಗ್ರಾನೈಟ್. ಅಲ್ಲಿ ಬಿದ್ದ ನೀರಿಗೆ ತಂಗಲು ಜಾಗವಿಲ್ಲ, ಬಂದ ಹಾಗೇ ಹರಿದುಹೋಗುತ್ತದೆ. 1,612 ಅಡಿಯ ರಿಬ್ಬನ್ ಜಲಪಾತದ ಹಿನ್ನೆಲ ಇನ್ನೂ ಕಿರಿದು. ಅದು ಸಾಮಾನ್ಯವಾಗಿ ಜೂನ್‌ನಲ್ಲೇ ಮುಗಿದುಹೋಗುತ್ತದೆ. ಪಶ್ಚಿಮಘಟ್ಟದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಶೋಲಾ ಕಾಡು ಇರುವ ಕಣಿವೆಯ ಹಳ್ಳ ಫೆಬ್ರವರಿಯಲ್ಲೂ ಹರಿಯುತ್ತದೆ, ಕಾಡು ಬೋಳಿಸಿದ ಗುಡ್ಡದ ಹಳ್ಳ ದೀಪಾವಳಿ ದಾಟುವುದಿಲ್ಲ. ನಮ್ಮ ಹೊಳೆಗಳಿಗೆ ಹಿಮದ ಆಸರೆ ಇಲ್ಲ, ಮಣ್ಣು ಮತ್ತು ಬೇರುಗಳೇ ಅವುಗಳ ದಾಸ್ತಾನು. ಯೊಸೆಮಿಟಿಯಲ್ಲಿ ಮಣ್ಣಿಲ್ಲದ ಕಡೆ ಆ ಕೆಲಸವನ್ನೆಲ್ಲ ಹಿಮವೊಂದೇ ಮಾಡಬೇಕಾಗಿದೆ. ಅಂದಮೇಲೆ ಈ ಜಲಪಾತ ಬೇಸಿಗೆಯ ಕೊನೆಯಲ್ಲಿ ಬತ್ತುವುದನ್ನು ಕಂಡು ಯಾರನ್ನೂ ದೂರಬೇಕಾಗಿಲ್ಲ. ಈ ಜಲಪಾತದ ಬುಡದಲ್ಲೇ ಕೂಮಿನೆ ಎಂಬ ದೊಡ್ಡ ಊರು ಕಟ್ಟಿಕೊಂಡಿದ್ದ ಅಹ್ವಾನೀಚಿ ಜನಕ್ಕೆ ಅದು ತಲೆಮಾರುಗಳಿಂದ ಗೊತ್ತಿದ್ದ ಸಂಗತಿ. 1851ರಲ್ಲಿ ಬಂದೂಕು ಹಿಡಿದು ಕಣಿವೆಗೆ ನುಗ್ಗಿದ ಮರಿಪೋಸ ಪಡೆ ಅವರನ್ನು ಒಕ್ಕಲೆಬ್ಬಿಸಿತು. ಜಲಪಾತದ ಚೆಲುವನ್ನು ಕೊಂಡಾಡುವ ಬರಹಗಳು ಈ ಅನ್ಯಾಯವನ್ನು ಒಂದು ಸಾಲಿನಲ್ಲಾದರೂ ಹೇಳಬೇಕು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಹಿಮದ ಲೆಕ್ಕ ಇಡುವ ಕ್ರಮ ಇಲ್ಲಿ ನೂರು ವರ್ಷಕ್ಕೂ ಹಳೆಯದು. ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಮೊದಲಾದ ಪ್ರಾಚೀನ ಸಾಹಿತ್ಯ ಪಾಠ ಹೇಳುತ್ತಿದ್ದ ಜೇಮ್ಸ್ ಚರ್ಚ್ ಎಂಬ ಮೇಷ್ಟ್ರು 20ನೇ ಶತಮಾನದ ಆರಂಭದಲ್ಲಿ ಸಿಯೆರಾದ ರೋಸ್ ಶಿಖರವನ್ನು ಚಳಿಗಾಲದಲ್ಲಿ ಹತ್ತಿ ಹಿಮ ಅಳೆಯುವ ಗೀಳು ಹಚ್ಚಿಕೊಂಡರು. ಅವರು ರೂಪಿಸಿದ ಸಾಧನ ಇಂದಿಗೂ ಬಳಕೆಯಲ್ಲಿದೆ. ತುದಿಯಲ್ಲಿ ಹಲ್ಲುಗಳಿರುವ ಉದ್ದನೆಯ ಟೊಳ್ಳು ಕೊಳವೆ ಅದು. ಅದನ್ನು ಹಿಮದೊಳಕ್ಕೆ ತಿರುಗಿಸುತ್ತ ನೆಲ ಮುಟ್ಟುವವರೆಗೆ ಇಳಿಸುತ್ತಾರೆ, ಮೇಲೆತ್ತಿ ತುದಿಯಲ್ಲಿ ಮಣ್ಣು ಅಂಟಿದೆಯೇ ಎಂದು ನೋಡಿ, ತಳ ತಲುಪಿದ್ದು ಖಾತ್ರಿಯಾದ ಮೇಲೆ ಒಳಗಿನ ಹಿಮ ಸಮೇತ ತಕ್ಕಡಿಗೆ ತೂಗುಹಾಕುತ್ತಾರೆ. ಹಿಮದ ಆಳ ಎಷ್ಟು ಎನ್ನುವುದಕ್ಕಿಂತ, ಅದು ಕರಗಿದರೆ ಎಷ್ಟು ಅಂಗುಲ ನೀರಾದೀತು ಎನ್ನುವುದು ಮುಖ್ಯ. ಆರು ಅಡಿ ಹೊಸ ಹಿಮದಲ್ಲಿರುವ ನೀರಿಗಿಂತ ಮೂರು ಅಡಿ ಹಳೆಯ ಹಿಮದಲ್ಲಿ ಹೆಚ್ಚು ನೀರಿರಬಹುದು. ಕ್ಯಾಲಿಫೋರ್ನಿಯಾ ಸರ್ಕಾರ 1929ರಿಂದ ಇದನ್ನು ವ್ಯವಸ್ಥಿತವಾಗಿ ನಡೆಸುತ್ತ ಬಂದಿದೆ. ಹಿಮದ ದಾಸ್ತಾನು ಸಾಧಾರಣವಾಗಿ ತುತ್ತತುದಿಗೆ ಬರುವುದು ಏಪ್ರಿಲ್ 1ರ ಆಸುಪಾಸಿನಲ್ಲಿ. ಆ ದಿನದ ಅಳತೆಗೆ ಅಲ್ಲಿ ನಮ್ಮ ಮುಂಗಾರು ಮುನ್ಸೂಚನೆಯಷ್ಟೇ ತೂಕ. 2013ರಿಂದ ವಿಮಾನದಲ್ಲಿ ಹಾರಾಡುತ್ತ ಲೇಸರ್ ಕಿರಣಗಳಿಂದ ಇಡೀ ಕಣಿವೆಯ ಹಿಮವನ್ನು ಅಳೆಯುವ ಕೆಲಸವೂ ಯೊಸೆಮಿಟಿಯ ಟುವಾಲಮಿ ಜಲಾನಯನ ಪ್ರದೇಶದಲ್ಲಿ ಶುರುವಾಯಿತು. ಇನ್ನು ನೀರಿನ ಕಡೆಯಿಂದ ನೋಡಿದರೆ, ಮರ್ಸೆಡ್ ನದಿಗೆ ಹ್ಯಾಪಿ ಐಲ್ಸ್ ಎಂಬಲ್ಲಿ 1915ರಿಂದ ಅಳತೆಯ ದಾಖಲೆ ಇದೆ.

ಈ ಬಗೆಯ ದಾಖಲೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಕಾಣುವ ಚಿತ್ರ ಸ್ಪಷ್ಟವಾಗಿದೆ. ಐರಿಸ್ ಸ್ಟೂವರ್ಟ್, ಡ್ಯಾನಿಯೆಲ್ ಕೇಯನ್, ಮೈಕೆಲ್ ಡೆಟಿಂಗರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಪಶ್ಚಿಮ ಉತ್ತರ ಅಮೆರಿಕದ ನೂರಾರು ಹೊಳೆಗಳಲ್ಲಿ ಹಿಮ ಕರಗಿ ನೀರು ಏರುವ ಕಾಲ 1948ರಿಂದೀಚೆಗೆ ಬಹುಪಾಲು ಕಡೆ ಒಂದರಿಂದ ನಾಲ್ಕು ವಾರ ಮೊದಲಿಗೆ ಸರಿದಿದೆ ಎಂದು ತೋರಿಸಿತು. ಫಿಲಿಪ್ ಮೋಟ್ ಮತ್ತು ಸಂಗಡಿಗರ 2018ರ ಲೆಕ್ಕದ ಪ್ರಕಾರ ಅಮೆರಿಕದ ಪಶ್ಚಿಮ ಭಾಗದ ಏಪ್ರಿಲ್ ಹಿಮದ ದಾಸ್ತಾನು 1915ರಿಂದ ಶೇ. 15ರಿಂದ 30ರಷ್ಟು ಇಳಿದಿದೆ. 2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಹಿಮ ಸರಾಸರಿಯ ಶೇ. 5ಕ್ಕೆ ಕುಸಿದಿತ್ತು, ಹಿಮ ಅಳೆಯುವ ಜಾಗದಲ್ಲಿ ಆಗಿನ ಗವರ್ನರ್ ಜೆರ್‍ರಿ ಬ್ರೌನ್ ಒಣಹುಲ್ಲಿನ ಮೇಲೆ ನಿಂತು ನೀರಿನ ಬಳಕೆಗೆ ಕಡಿವಾಣ ಘೋಷಿಸಿದರು. ಮರದ ಬಳೆಗಳನ್ನು ಓದಿ ಹಿಂದಿನ ಹಿಮವನ್ನು ಅಂದಾಜು ಮಾಡುವ ವಿಜ್ಞಾನಿಗಳು, 500 ವರ್ಷಗಳಲ್ಲೇ ಇಷ್ಟು ಕಡಿಮೆ ಹಿಮ ಇದ್ದಿರಲಾರದು ಎಂದರು. ಯೊಸೆಮಿಟಿ ಉದ್ಯಾನದೊಳಗಿನ ಲೈಯಲ್ ಹಿಮನದಿ ಚಲಿಸುವುದನ್ನೇ ನಿಲ್ಲಿಸಿದೆ ಎಂದು 2013ರಲ್ಲಿ ಪ್ರಕಟವಾಯಿತು. ಅದರ ನೀರು ಯೊಸೆಮಿಟಿ ಜಲಪಾತಕ್ಕೆ ಬರುವುದಿಲ್ಲ ನಿಜ, ಆದರೆ ಎರಡೂ ಇರುವುದು ಅದೇ ಬೆಟ್ಟಗಳಲ್ಲಿ, ಅದೇ ಗಾಳಿಯಲ್ಲಿ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. 2023ರ ಏಪ್ರಿಲ್‌ನಲ್ಲಿ ಅದೇ ಕ್ಯಾಲಿಫೋರ್ನಿಯಾದ ಹಿಮ ಸರಾಸರಿಯ ಎರಡು ಪಟ್ಟು ಮೀರಿತ್ತಲ್ಲ? ಫೆಬ್ರವರಿ ಕೊನೆಯಲ್ಲಿ ಯೊಸೆಮಿಟಿಯ ರಸ್ತೆಗಳೇ ಹಿಮದಲ್ಲಿ ಹೂತು ಉದ್ಯಾನವನ್ನು ವಾರಗಟ್ಟಲೆ ಮುಚ್ಚಬೇಕಾಯಿತಲ್ಲ? ಹೌದು. ಸಿಯೆರಾದ ಹಿಮ ವರ್ಷದಿಂದ ವರ್ಷಕ್ಕೆ ಹುಚ್ಚಾಪಟ್ಟೆ ಏರಿಳಿಯುವುದು ಹಿಂದಿನಿಂದಲೂ ಇದ್ದದ್ದೇ. ಒಂದು ತುಂಬಿದ ವರ್ಷ ತೋರಿಸಿ ಏನೂ ಆಗಿಲ್ಲ ಎನ್ನುವುದು ಎಷ್ಟು ತಪ್ಪೋ, ಒಂದು ಬರಿದಾದ ವರ್ಷ ತೋರಿಸಿ ಎಲ್ಲ ಮುಗಿಯಿತು ಎನ್ನುವುದೂ ಅಷ್ಟೇ ತಪ್ಪು. 2015ನ್ನು ಮಾತ್ರ ಎತ್ತಿ ಹಿಡಿದು ಬರೆಯುವ ಲೇಖನಗಳು ಓದುಗರಿಗೆ ಮೋಸ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷದ ಮಳೆ ನೋಡಿ ಮುಂಗಾರಿನ ಗುಣ ಹೇಳಲಾಗದು ಎಂಬುದು ನಮ್ಮ ರೈತರಿಗೂ ಗೊತ್ತು. ಅದಕ್ಕೇ ಹಿಮ ಎಷ್ಟು ಎಂಬುದಕ್ಕಿಂತ ನೀರು ಯಾವಾಗ ಬಂತು ಎಂಬ ಅಳತೆ ಹೆಚ್ಚು ನಂಬಲರ್ಹ. ನೂರಾರು ಹೊಳೆಗಳಲ್ಲಿ, ಐದಾರು ದಶಕಗಳಲ್ಲಿ, ಬಹುಪಾಲು ಒಂದೇ ದಿಕ್ಕಿಗೆ ಸರಿದ ದಿನಾಂಕವನ್ನು ಯಾವುದೋ ಒಂದು ವರ್ಷದ ಆಕಸ್ಮಿಕ ಎಂದು ತಳ್ಳಿಹಾಕಲಾಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಹಿಮವಾಗಿ ಬೀಳಲಿ, ಮಳೆಯಾಗಿ ಬೀಳಲಿ, ನೀರು ನೀರೇ ಅಲ್ಲವೇ? ಮೇ ತಿಂಗಳಿಗೆ ಬದಲು ಮಾರ್ಚ್‌ನಲ್ಲಿ ಜಲಪಾತ ತುಂಬಿದರೆ ನಷ್ಟವೇನು? ಉತ್ತರ 1997ರ ಜನವರಿಯಲ್ಲಿದೆ. ಆ ಹೊಸವರ್ಷದ ದಿನಗಳಲ್ಲಿ ಬೆಚ್ಚಗಿನ ಬಿರುಗಾಳಿಯೊಂದು ಸಿಯೆರಾದ ಎತ್ತರಗಳವರೆಗೂ ಹಿಮದ ಬದಲು ಮಳೆ ಸುರಿಸಿತು. ಆಗಲೇ ಬಿದ್ದಿದ್ದ ಹಿಮದ ಮೇಲೆ ಆ ಮಳೆ ಬಿದ್ದು, ಎರಡೂ ಸೇರಿ ಕಣಿವೆಗೆ ನುಗ್ಗಿದವು. ಯೊಸೆಮಿಟಿ ಕಣಿವೆಯ ರಸ್ತೆ, ಸೇತುವೆ, ವಸತಿಗಳು ಹಾಳಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಪ್ರವಾಸಿಗರಿಗೆ ಬಾಗಿಲು ಮುಚ್ಚಿತು. 2021ರ ಅಕ್ಟೋಬರ್ ಕೊನೆಯಲ್ಲಿ ಬತ್ತಿ ನಿಂತಿದ್ದ ಯೊಸೆಮಿಟಿ ಜಲಪಾತ ಒಂದೇ ಬಿರುಮಳೆಗೆ ರಾತ್ರಿ ಬೆಳಗಾಗುವುದರೊಳಗೆ ಭೋರ್ಗರೆಯಿತು. ನೋಡಿದವರು ಹಿಗ್ಗಿದರು, ಆದರೆ ಹಾಗೆ ಬಂದ ನೀರು ಹಾಗೇ ಹೋಯಿತು. ಮಳೆಯ ನೀರು ಗಂಟೆಗಳಲ್ಲಿ ಇಳಿಯುತ್ತದೆ, ಹಿಮದ ನೀರು ತಿಂಗಳುಗಳಲ್ಲಿ ಇಳಿಯುತ್ತದೆ. ಕೆಳಗಿನ ಅಣೆಕಟ್ಟುಗಳು ಚಳಿಗಾಲದಲ್ಲಿ ಪ್ರವಾಹ ತಡೆಯಲೆಂದು ಒಂದಷ್ಟು ಜಾಗ ಖಾಲಿ ಬಿಟ್ಟಿರಲೇಬೇಕು. ಆಗ ಬಂದ ನೀರನ್ನು ಹಿಡಿದಿಡಲಾಗದೆ ಕಡಲಿಗೆ ಬಿಡುತ್ತವೆ. ಮೇ, ಜೂನ್‌ನಲ್ಲಿ ಬಂದ ನೀರನ್ನಾದರೆ ಹಿಡಿದಿಡಬಹುದು. ಕ್ಯಾಲಿಫೋರ್ನಿಯಾದ ನೀರಿನ ಅಗತ್ಯದಲ್ಲಿ ಸರಾಸರಿ ಶೇ. 30ರಷ್ಟನ್ನು ಸಿಯೆರಾದ ಹಿಮ ಪೂರೈಸುತ್ತದೆ ಎನ್ನುತ್ತದೆ ಅಲ್ಲಿನ ಜಲ ಇಲಾಖೆ. ಅಷ್ಟು ದೊಡ್ಡ ದಾಸ್ತಾನನ್ನು ಒಂದು ಕಾಸೂ ಖರ್ಚಿಲ್ಲದೆ ಕಾಯುತ್ತಿರುವುದು ಚಳಿ. ಯೊಸೆಮಿಟಿ ತೊರೆಯ ಜಲಾನಯನ ಪ್ರದೇಶದ ಕೆಳಗಿನ ಭಾಗ, ಅಂದರೆ ಏಳೆಂಟು ಸಾವಿರ ಅಡಿ ಎತ್ತರದ ನೆಲ, ಮಳೆ ಹಿಮವಾಗುವ ಗೆರೆಯ ಹತ್ತಿರವೇ ಇದೆ. ಗಾಳಿ ಒಂದೆರಡು ಡಿಗ್ರಿ ಬೆಚ್ಚಗಾದರೂ ಅಲ್ಲಿ ಹಿಮ ಬೀಳಬೇಕಾದ ದಿನ ಮಳೆ ಬೀಳುತ್ತದೆ.

ಹಾಗಾದರೆ ಜಲಪಾತದ ಮೇಲೊಂದು ಸಣ್ಣ ಕಟ್ಟೆ ಕಟ್ಟಿ, ವಸಂತದ ನೀರನ್ನು ಹಿಡಿದು ಆಗಸ್ಟ್‌ನಲ್ಲಿ ಬಿಟ್ಟರಾಯಿತಲ್ಲ ಎನ್ನುವವರೂ ಇದ್ದಾರೆ. ಹೇಳಲು ಇದು ಸುಲಭ, ಮಾಡಲು ಅಸಾಧ್ಯವೂ ಅಲ್ಲ. ನಯಾಗರದ ಹರಿವನ್ನು ಅಮೆರಿಕ ಮತ್ತು ಕೆನಡಾ 1950ರ ಒಪ್ಪಂದದ ಪ್ರಕಾರ ನಿಯಂತ್ರಿಸುತ್ತವೆ: ಪ್ರವಾಸಿಗರ ಕಾಲದಲ್ಲಿ ಹಗಲು ಕನಿಷ್ಠ ಒಂದು ಲಕ್ಷ ಕ್ಯೂಸೆಕ್, ಉಳಿದ ಹೊತ್ತಿನಲ್ಲಿ ಅದರ ಅರ್ಧ. ನಮ್ಮ ಜೋಗದ ಬೇಸಿಗೆಯ ಸೊರಗನ್ನು ನಿರ್ಧರಿಸುವುದು ಋತುಮಾನವೊಂದೇ ಅಲ್ಲ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೂ ಹೌದು. ಜೋಗವನ್ನು ವರ್ಷವಿಡೀ ಧುಮ್ಮಿಕ್ಕಿಸುವ ಮಾತು ನಮ್ಮಲ್ಲೂ ಹಲವು ಸಲ ಕೇಳಿಬಂದಿದೆ. ಜೋಗದ ನೀರು ವಿದ್ಯುತ್ತಿಗೆ ಹೋಗಿದೆ, ಅದರ ಲಾಭನಷ್ಟದ ಚರ್ಚೆ ಬೇರೆ. ಆದರೆ ಬರಿಯ ನೋಟಕ್ಕಾಗಿ ಯೊಸೆಮಿಟಿಯ ಮೇಲೆ ಕಟ್ಟೆ ಹಾಕುವುದು ಜಲಪಾತಕ್ಕೂ ಒಳ್ಳೆಯದಲ್ಲ, ನಮ್ಮ ತಿಳಿವಳಿಕೆಗೂ ಒಳ್ಳೆಯದಲ್ಲ. ಕಟ್ಟೆ ಹಾಕಿದ ಮರುದಿನವೇ ಆ ನೀರು ಹಿಮದ ಸುದ್ದಿ ಹೇಳುವುದನ್ನು ನಿಲ್ಲಿಸುತ್ತದೆ. ಬೆಟ್ಟದಲ್ಲಿ ಹಿಮ ಮೇ ತಿಂಗಳಿಗೇ ಮುಗಿದಿದ್ದರೂ ಆಗಸ್ಟ್‌ನ ಪ್ರವಾಸಿ ಬಿಳಿ ಧಾರೆ ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡು ಹೋಗುತ್ತಾನೆ. ಸುಳ್ಳು ಹೇಳುವ ಜಲಪಾತಕ್ಕಿಂತ ಬತ್ತಿದ ಜಲಪಾತವೇ ಮೇಲು ಎಂದು ನಾನು ನಂಬಿದ್ದೇನೆ. ಈ ಕಣಿವೆಯನ್ನು ಲಿಂಕನ್ 1864ರಲ್ಲಿ ಸಾರ್ವಜನಿಕರಿಗಾಗಿ ಕಾದಿರಿಸಿದ್ದೂ, 1890ರಲ್ಲಿ ಸುತ್ತಲಿನ ಬೆಟ್ಟಗಳು ರಾಷ್ಟ್ರೀಯ ಉದ್ಯಾನವಾದದ್ದೂ ಅದನ್ನು ಇದ್ದ ಹಾಗೆ ಉಳಿಸಿಕೊಳ್ಳಲೆಂದು.

ಏಳು ಸಮುದ್ರದಾಚೆಯ ಒಂದು ಜಲಪಾತ ಮೂರು ವಾರ ಮೊದಲು ಬತ್ತಿದರೆ ನಮಗೇನು ಎಂಬ ಪ್ರಶ್ನೆಯೂ ಸಹಜ. ಅದಕ್ಕೆ ತೀರ ಮನೆಯೊಳಗಿನ ಉತ್ತರವಿದೆ. ಯೊಸೆಮಿಟಿ ತೊರೆ ಜಲಪಾತದ ಕೆಳಗೆ ಮರ್ಸೆಡ್ ನದಿಯನ್ನು ಸೇರುತ್ತದೆ, ಮರ್ಸೆಡ್ ಬೆಟ್ಟ ಇಳಿದು ಕ್ಯಾಲಿಫೋರ್ನಿಯಾದ ನಡುಬಯಲಿನ ಹೊಲತೋಟಗಳಿಗೆ ನೀರುಣಿಸುತ್ತದೆ. ಆ ಬಯಲಿನ ದೊಡ್ಡ ಬೆಳೆ ಬಾದಾಮಿ. ಜಗತ್ತಿನ ಬಾದಾಮಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಕ್ಯಾಲಿಫೋರ್ನಿಯಾದಲ್ಲೇ ಬೆಳೆಯುತ್ತದೆ, ಅದನ್ನು ಹೊರಗಿನಿಂದ ಕೊಳ್ಳುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ. ಬೆಂಗಳೂರಿನ ಬೇಕರಿಯ ಬಾದಾಮಿ ಹಾಲಿಗೂ ದೀಪಾವಳಿಯ ಡ್ರೈಫ್ರೂಟ್ಸ್ ಡಬ್ಬಿಗೂ ಸಿಯೆರಾದ ಹಿಮಕ್ಕೂ ಇರುವ ನಂಟು ಹೀಗೆ. ಇನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಸಾವಿರಾರು ಕನ್ನಡಿಗರ ನಂಟು ಇನ್ನೂ ನೇರ. ಯೊಸೆಮಿಟಿ ಉದ್ಯಾನದೊಳಗೇ, ಮ್ಯೂರ್ ಮತ್ತು ಅವರ ಗೆಳೆಯರು ವರ್ಷಗಟ್ಟಲೆ ವಿರೋಧಿಸಿದರೂ, 1913ರ ಕಾಯ್ದೆಯ ಬಲದಿಂದ ಹೆಚ್ ಹೆಚಿ ಎಂಬ ಕಣಿವೆಗೆ ಅಣೆಕಟ್ಟು ಹಾಕಲಾಯಿತು. 1923ರಲ್ಲಿ ಅದು ಮುಗಿಯಿತು. ಟುವಾಲಮಿ ನದಿಯ ಹಿಮದ ನೀರು ಅಲ್ಲಿ ನಿಂತು, ಕೊಳವೆ ಸುರಂಗಗಳಲ್ಲಿ ತನ್ನ ಭಾರದಿಂದಲೇ ಹರಿದು, ಕೊಲ್ಲಿ ಪ್ರದೇಶದ ಸುಮಾರು 27 ಲಕ್ಷ ಜನರ ನಲ್ಲಿಗೆ ಬರುತ್ತದೆ. ಹೆಚ್ ಹೆಚಿಯ ಜಲಾಶಯ ಕಣ್ಣಿಗೆ ಮರೆ, ಹೋಗಿ ನೋಡುವವರು ಕಡಿಮೆ. ಯೊಸೆಮಿಟಿ ಜಲಪಾತವಾದರೆ ಎಲ್ಲರ ಕಣ್ಣೆದುರಿಗೆ ನಿಂತು ಅದೇ ಬೆಟ್ಟಗಳ ಹಿಮದ ಸ್ಥಿತಿಯನ್ನು ತಿಂಗಳು ತಿಂಗಳೂ ತೋರಿಸುತ್ತದೆ.

ಆದ್ದರಿಂದ ಅಲ್ಲಿಗೆ ಹೋಗುವ, ಅಥವಾ ಅಪ್ಪ ಅಮ್ಮನನ್ನು ಕರೆದೊಯ್ಯುವ ಕನ್ನಡಿಗರಿಗೆ ಒಂದು ಮಾತು. ಟಿಕೆಟ್ ಮಾಡಿಸುವ ಮುಂಚೆ ಏಪ್ರಿಲ್ 1ರ ಹಿಮದ ಅಳತೆ ಎಷ್ಟು ಬಂತು ಎಂದು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಜಲ ಇಲಾಖೆ ಅದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಸಾಧ್ಯವಾದರೆ ಮೇ ತಿಂಗಳಲ್ಲಿ ಹೋಗಿ, ಒಂದು ರಾತ್ರಿ ಕಣಿವೆಯಲ್ಲೇ ತಂಗಿ. ಮಕ್ಕಳ ಶಾಲೆ, ರಜೆ, ವೀಸಾದ ದೆಸೆಯಿಂದ ಆಗಸ್ಟ್‌ನಲ್ಲೇ ಹೋಗಬೇಕಾದರೂ ಬೇಸರಪಡಬೇಡಿ. ಮರ್ಸೆಡ್ ನದಿಯ ಮೇಲಿನ ವರ್ನಲ್ ಮತ್ತು ನೆವಾಡಾ ಜಲಪಾತಗಳು ಆಗಲೂ ಹರಿಯುತ್ತಿರುತ್ತವೆ. ಯೊಸೆಮಿಟಿಯ ಒಣ ಬಂಡೆಯ ಮುಂದೆಯೂ ನಿಂತು, ಈ ವರ್ಷ ನೀರು ನಿಂತದ್ದು ಯಾವಾಗ ಎಂದು ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ಕೇಳಿ.